ಸತ್ತಿದೆಯೆಂದು ನಾನು ಸಹಿ ಹಾಕಿದ ಗುಡ್ಡ

ನನಗೊಂದು ಚಟವಿದೆ. ಯಾರು ಕಾಗದ ತಂದು ಮುಂದೆ ಹಿಡಿದರೂ ಸಹಿ ಹಾಕಿಬಿಡುತ್ತೇನೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ನಶ್ಯ, ನನಗೆ ಇದು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಕೈ ಇದು. 'ಇಲ್ಲಿ' ಎಂದು ಯಾರಾದರೂ ಬೆರಳು ತೋರಿಸಿದರೆ ಸಾಕು, ಕಣ್ಣು ಓದಿ ಮುಗಿಸುವ ಮೊದಲೇ ಕೈ ಓಡಿಬಿಟ್ಟಿರುತ್ತದೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಈ ಚಟಕ್ಕೆ ಭರ್ತಿ ಮೇವು ಸಿಕ್ಕಿತು. ನಮ್ಮೂರು ಗಂಗಾವತಿಗೂ ಕುಷ್ಟಗಿಗೂ ನಡುವೆ, ಕಾಲುವೆಯ ನೀರು ಮುಗಿದು ಕಲ್ಲು ಶುರುವಾಗುವ ಕಡೆ ಇದೆ. ಇಲ್ಲಿ ಏನೇ ಆಗಲಿ, ಗೋಡೆ ಬೀಳಲಿ, ಬಣವೆ ಸುಡಲಿ, ಪಂಚನಾಮೆ ಆಗುವತನಕ ಅದು ಆದಂತೆ ಲೆಕ್ಕವಿಲ್ಲ. ಊರಿನ ಐದು ಜನ ನಿಂತು 'ನಾವು ಕಣ್ಣಾರೆ ಕಂಡೆವು' ಎಂದು ಬರೆದು ಸಹಿ ಹಾಕಿದ ಮೇಲಷ್ಟೇ ಗೋಡೆ ನಿಜವಾಗಿ ಬೀಳುತ್ತದೆ. ಆ ಐವರಲ್ಲಿ ಒಬ್ಬ ಓದಿದವನಿರಬೇಕು. ಆ ಒಬ್ಬ ಈಗ ಕಾಯಂ ಆಗಿ ನಾನೇ.

ಒಮ್ಮೆ ನೆರೆಮನೆಯವನೊಬ್ಬ ತನ್ನ ಎಮ್ಮೆ ಕಾಲುವೆಯಲ್ಲಿ ಕೊಚ್ಚಿಕೊಂಡು ಹೋಯಿತೆಂದು, ಪರಿಹಾರದ ಕಾಗದ ಹಿಡಿದು ಅಳುತ್ತ ಬಂದ. ಅಳುವವನ ಎದುರು ಓದುತ್ತ ಕೂರುವುದು ಸರಿಯಲ್ಲವೆಂದು ಸಹಿ ಹಾಕಿದೆ. ಒಂಬತ್ತನೆಯ ದಿನ ಎಮ್ಮೆ ಕಾಲುವೆ ಕೆಳಗಿನ ಮರಳಿ ಊರಿನ ಗದ್ದೆಗಳಲ್ಲಿ ಹೊಟ್ಟೆ ತುಂಬ ಮೇದು, ಹೋದಾಗ ಇದ್ದುದಕ್ಕಿಂತ ದಪ್ಪಗಾಗಿ, ತಾನೇ ನಡೆದುಕೊಂಡು ಬಂತು. ನಮ್ಮ ಮನೆಯ ಮುಂದೆ ಒಂದು ಗಳಿಗೆ ನಿಂತು ನನ್ನನ್ನು ನೋಡಿತು. ಆ ನೋಟವನ್ನು ನಾನಿನ್ನೂ ಮರೆತಿಲ್ಲ.

ಅಷ್ಟಕ್ಕೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎಮ್ಮೆ ಮುಗಿಯಿತು, ಗುಡ್ಡಕ್ಕೆ ಸಹಿ ಹಾಕಿದೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎಂದರೆ ನಿಮ್ಮ ಕಣ್ಣಮುಂದೆ ಆನೆ, ಜೀಪು, ದಟ್ಟ ಹಸಿರು ಬರುತ್ತವೆ. ನಮ್ಮ ಕಾಯ್ದಿಟ್ಟ ಕಾಡಿಗೆ ಅಂಥ ಡೌಲಿಲ್ಲ. ಯಾರೋ ದೊಡ್ಡವರು ಮೂಟೆ ಬಿಚ್ಚಿ ಸುರುವಿ, ಮತ್ತೆ ಕಟ್ಟಲು ಮರೆತು ಹೋದಂಥ ಬಂಡೆಗಳು. ಅವುಗಳ ಸಂದಿಯಲ್ಲಿ ಸೀತಾಫಲ, ಕವಳಿ, ತಂಗಡಿ. ಮಿಕ್ಕಲ್ಲೆಲ್ಲ ಮೊಣಕಾಲೆತ್ತರದ ಒಣಹುಲ್ಲು. ಸಾಣಾಪುರದ ಕೆರೆಗೆ ಬರುವ ಪ್ರವಾಸಿಗಳು ಇತ್ತ ತಲೆ ಹಾಕುವುದಿಲ್ಲ. ಕರಡಿಗಳು ಹಾಕುತ್ತವೆ, ಆದರೆ ಅವು ಫೋಟೋ ತೆಗೆಸಿಕೊಳ್ಳುವುದಿಲ್ಲ. ಗುಡ್ಡದ ಬುಡದಲ್ಲಿ 'ಬೆಂಕಿ ಹಚ್ಚುವುದು ಅಪರಾಧ' ಎಂಬ ತಗಡಿನ ಫಲಕವಿತ್ತು. ಹೋಳಿಯಾಗಿ ನಾಲ್ಕು ದಿನಕ್ಕೆ ಗುಡ್ಡ ಹೊತ್ತಿಕೊಂಡಾಗ ಮೊದಲು ಸುಟ್ಟದ್ದು ಅದೇ. ಬೆಂಕಿಗೆ ಓದು ಬರುವುದಿಲ್ಲ.

ಹಚ್ಚಿದವರು ಯಾರು? ಹಳೆಯ ಹುಲ್ಲು ಸುಟ್ಟರೆ ಮೊದಲ ಮಳೆಗೆ ಕುರಿಗಳಿಗೆ ಎಳೆ ಹುಲ್ಲು ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಗುಡ್ಡದಷ್ಟೇ ಹಳೆಯದು. ಆದರೆ ಕೇಳಿದರೆ ಊರಿಗೆ ಊರೇ 'ಗುಡ್ಡಕ್ಕ ಬೆಂಕಿ ಬಿತ್ರೀ' ಎನ್ನುತ್ತದೆ. ಬೆಂಕಿ ನಮ್ಮಲ್ಲಿ ಮಳೆಯ ಹಾಗೆ ಮೇಲಿನಿಂದಲೇ ಬೀಳುತ್ತದೆ.

ಎರಡು ಹಗಲು ಉರಿದು ತಣ್ಣಗಾದ ಮೇಲೆ ಅರಣ್ಯ ಇಲಾಖೆಯ ಮೇಡಂ ಬಂದರು. ಮೈಸೂರು ಸೀಮೆಯ ಹುಡುಗಿ, ಕೆಲಸಕ್ಕೆ ಹೊಸಬರು. ಕಾವಲುಗಾರ ಹುಸೇನಪ್ಪ ಪಂಚರನ್ನು ಕೂಡಿಸಿದ್ದ. ಹತ್ತಿ ನೋಡಿದರೆ, ಏನು ಹೇಳಲಿ, ಗುಡ್ಡ ಕಾವಲಿಯ ತಳದಂತಿತ್ತು. ಕಾಲಿಟ್ಟಲ್ಲಿ ಬೂದಿ ಹೊಗೆಯಂತೆ ಏಳುತ್ತಿತ್ತು. ಸೀತಾಫಲದ ಗಿಡಗಳಿದ್ದಲ್ಲಿ ಮೊಳದುದ್ದದ ಕರಿ ಬೊಡ್ಡೆಗಳು. ಒಂದು ಗೌಜಲಹಕ್ಕಿಯ ಗೂಡಿನಲ್ಲಿ ಮೊಟ್ಟೆಗಳು ಬೆಂದು ಬಿರುಕು ಬಿಟ್ಟಿದ್ದವು. ಮೇಡಂ ಅದನ್ನು ಕಂಡು ಮುಖ ತಿರುಗಿಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ನಾನು ಬೂದಿಯದೆಂದುಕೊಂಡೆ, ಮರ್ಯಾದೆಗಾಗಿ.

"ಸರ್, ಇಲ್ಲಿ ಏನೂ ಉಳಿದಿಲ್ಲ ಅಲ್ವಾ? ಎಲ್ಲಾ ಬುಡ ಕಿತ್ತು, ಗುಂಡಿ ತೋಡಿ, ಹೊಸದಾಗಿ ಸಸಿ ಹಾಕ್ಸಿಬಿಡ್ತೀನಿ. ಮಳೆಗಾಲಕ್ಕೆ ಮುಂಚೆ ಮಿಷನ್ ಬರುತ್ತೆ. ಇಲ್ಲೊಂದು ಸೈನ್ ಹಾಕಿ."

'ಸದರಿ ಗುಡ್ಡದಲ್ಲಿ ಗಿಡಗಂಟಿ ಹುಲ್ಲು ಸಮೇತ ಪೂರ್ತಿ ಸತ್ತಿದ್ದು, ಜೀವ ಇರುವುದಿಲ್ಲ' ಎಂದಿತ್ತು. ಮೂರು ಕಡೆ ಸಹಿ ಹಾಕಿದೆ. ಬೇಸರದಲ್ಲಿ ನನ್ನ ಸಹಿ ಇನ್ನೂ ದುಂಡಗೆ ಬರುತ್ತದೆ.

ಅಲ್ಲಿಂದ ನೇರ ದೊಡ್ಡವ್ವನ ಮನೆಗೆ ಹೋದೆ. ನೀಲವ್ವ ನನ್ನ ತಾಯಿಯ ಅಕ್ಕ. ನನಗೆ ಮಾತು ಕಲಿಸಿದ್ದು ಸಾಲಿಯಲ್ಲ, ಇವಳು. ಎಂಬತ್ತು ದಾಟಿದರೂ ಪ್ರತಿ ವರ್ಷ ದಸರೆ ಮುಗಿದು ಬರುವ ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ ಆ ಗುಡ್ಡದ ಸೀತಾಫಲ ಆರಿಸಿ, ಬುಟ್ಟಿ ಹೊತ್ತು, ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಕೂತು ಮಾರುವವಳು. ಯಾವ ಬಂಡೆಯ ಮಗ್ಗುಲಿನ ಗಿಡ ಸಕ್ಕರೆ, ಯಾವುದು ಬರೀ ಬೀಜ ಎಂಬುದು ಅವಳಿಗೆ ಗೊತ್ತಿರುವಷ್ಟು ಊರ ಮಂದಿಯ ಗುಣ ಯಾರಿಗೂ ಗೊತ್ತಿಲ್ಲ. ರೊಟ್ಟಿ ಬಡಿಯುತ್ತಿದ್ದಳು. ಸಮಾಧಾನ ಹೇಳುವ ದನಿಯಲ್ಲಿ ನಡೆದದ್ದು ಹೇಳಿದೆ. ಬಡಿಯುವ ಸದ್ದು ನಿಂತಿತು.

"ಸತ್ತೈತಿ ಅಂತ ಸಹಿ ಮಾಡಿದ್ಯಾ?"

"ಎಲ್ಲಾ ಸುಟ್ಟೈತಿ ದೊಡ್ಡವ್ವಾ."

"ಸುಟ್ಟಿದ್ದು ನನಗೂ ಕಾಣತೈತಿ. ಸತ್ತಿದ್ದು ನಿನಗ ಹೆಂಗ ಕಂಡ್ತು? ನಾಡಿ ಹಿಡಿದು ನೋಡಿದ್ಯಾ? ಮೂಗಿನ ಮುಂದ ಹತ್ತಿ ಹಿಡಿದ್ಯಾ? ಮನುಷ್ಯಾ ಸತ್ತರ ನಾಕ ಮಂದಿ ಮುಟ್ಟಿ ನೋಡತಾರ. ನೀ ಚಪ್ಪಲ ಸೈತ ಬಿಚ್ಚದಾಂಗ ಗುಡ್ಡ ಕೊಂದು ಬಂದಿ. ನಿನಗ ಎಮ್ಮಿ ಸಾಲಲಿಲ್ಲೇನೋ ಭಾಡ್ಯಾ!"

ನನಗೆ ರೊಟ್ಟಿ ಸಿಗಲಿಲ್ಲ. ಸಹಿ ವಾಪಸು ಬರುವತನಕ ಈ ಮನೆಯಲ್ಲಿ ನೀರೂ ಇಲ್ಲವೆಂದಳು. ಅವಳು ಸಿಟ್ಟಾದದ್ದಕ್ಕಿಂತ, ಬುಟ್ಟಿಯನ್ನು ಗೂಟದಿಂದ ಇಳಿಸಿ ಧೂಳು ಕೊಡವಿ ಮತ್ತೆ ಅಲ್ಲೇ ತೂಗುಹಾಕಿದ್ದು ನನಗೆ ಹೆಚ್ಚು ನಾಟಿತು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಬೆಳಿಗ್ಗೆ ಸ್ನಾನ ಮಾಡಿ ಇಟ್ಟುಕೊಂಡ ಮೂರು ಬೆರಳು ವಿಭೂತಿ ಹಣೆಯ ಮೇಲೆ ಹಾಗೇ ಇತ್ತು. ನೋಡಿ, ನಾವು ಎಂಥ ಜನ! ದಿನಾ ಬೂದಿ ಬಳಿದುಕೊಂಡೇ ದಿನದ ಕೆಲಸ ಶುರು ಮಾಡುತ್ತೇವೆ. ಪಾತ್ರೆ ಬೆಳಗಿದ್ದು ಬೂದಿಯಿಂದ, ಕಾಳಿಗೆ ಹುಳು ಬೀಳದ ಹಾಗೆ ಬೆರೆಸಿಟ್ಟದ್ದು ಬೂದಿ. ಅಂಥವರು ಗುಡ್ಡದ ಮೇಲೆ ಒಂದಿಷ್ಟು ಬೂದಿ ಕಂಡ ಕೂಡಲೇ ಎಲ್ಲ ಮುಗಿಯಿತು ಎನ್ನುತ್ತೇವೆ. ತಪ್ಪು ಸ್ವಲ್ಪ ನಮ್ಮ ಕಡತಗಳದ್ದೂ ಇರಬೇಕು. ಬಂಜರು, ಖಾರಿಜು, ಗಾಯರಾಣ ಎಂದು ನಿಜಾಮನ ಕಾಲದ ಮಾತುಗಳು ಇನ್ನೂ ದಫ್ತರಗಳಲ್ಲಿ ಕೂತಿವೆ. ನೀರು ಹರಿಯದ ನೆಲವನ್ನೆಲ್ಲ ಅವು ಮೊದಲೇ ಅರ್ಧ ಸತ್ತದ್ದೆಂದು ಬರೆದಿಟ್ಟಿವೆ. ನಾನು ಜೀವಮಾನವೆಲ್ಲ ಅಣೆಕಟ್ಟಿನ ನೀರು ಕುಡಿದವನು. ಒಣಗಿದ್ದಕ್ಕೂ ಸತ್ತಿದ್ದಕ್ಕೂ ಇರುವ ಅಂತರ ನನಗೆ ಯಾವ ಕಡತವೂ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡವ್ವ ನನ್ನನ್ನು ಗುಡ್ಡಕ್ಕೆ ಎಳೆದುಕೊಂಡು ಹೋದಳು. ಚಪ್ಪಲಿ ಬಿಚ್ಚಿಸಿದಳು. ಒಂದು ಕರಿ ಬೊಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೂದಿ ಸರಿಸಿ, ಬುಡದ ಮಣ್ಣು ನಾಲ್ಕು ಬೆರಳು ಕೆದರಿ, ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಗೀರಿದಳು. ಕಪ್ಪಿನ ಕೆಳಗೆ ಎಳೆ ಹೆಸರುಕಾಳಿನ ಬಣ್ಣ. ಒದ್ದೆ ಇತ್ತು.

"ನೋಡು. ಮ್ಯಾಲ ಸುಟ್ಟೈತಿ, ಕೆಳಗ ಕುಂತೈತಿ. ಮಳಿ ಹಾದಿ ಕಾಯಾಕ ಹತ್ತೈತಿ. ನಿಮ್ಮ ಮಿಷನ್ನು ಇದನ್ನ ಬುಡಮಟ ಕಿತ್ತರ ಮಾತ್ರ ಖರೇ ಸಾಯತೈತಿ. ಅವರು ಹಚ್ಚೋ ಸಸಿಗಿ ಈ ಕಲ್ಲಿನಾಗ ನೀರು ಹಾಕಾವ್ರು ಯಾರು, ನೀನ?"

ಅದೇ ದಿನ ಬಸ್ಸು ಹಿಡಿದು ಗಂಗಾವತಿಗೆ ಹೋಗಿ ಮೇಡಂ ಅವರನ್ನು ಕಂಡೆ. ಸಹಿ ವಾಪಸು ಬೇಕೆಂದೆ. ಅವರು ನಕ್ಕುಬಿಟ್ಟರು. ಸಹಿ ಹಾಕಲು ನೂರೆಂಟು ನಮೂನೆಗಳಿವೆ, ವಾಪಸು ಪಡೆಯಲು ಒಂದೂ ಇಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಕ್ಕು ಮುಗಿದ ಮೇಲೆ ಕೇಳಿಸಿಕೊಂಡರು. "ಸರ್, ಸೋಮವಾರ ಮಿಷನ್ ಬರುತ್ತೆ. ಅದಕ್ಕೆ ಮುಂಚೆ ನಾನೇ ಬಂದು ನೋಡ್ತೀನಿ. ಆದ್ರೆ ಒಂದೆರಡು ಬುಡ ಹಸಿರಿದ್ರೆ ಸಾಲಲ್ಲ. ಗುಡ್ಡ ಪೂರ್ತಿ ಯಾರಿಗೆ ಗೀರಿ ನೋಡೋಕಾಗುತ್ತೆ, ಹೇಳಿ?"

ಈ ಮಾತನ್ನು ತಂದು ದೊಡ್ಡವ್ವನಿಗೆ ಒಪ್ಪಿಸಿದೆ. ಅವಳು ತಟ್ಟನೆ ಎದ್ದಳು. ಒಳಗೆ ಹೋಗಿ ತನ್ನ ಹಸಿರು ಇಳಕಲ್ ಸೀರೆ ತಂದಳು. ಉಟ್ಟು ಉಟ್ಟು ಮೆತ್ತಗಾಗಿ, ಈಗ ಹಬ್ಬಕ್ಕಷ್ಟೇ ಹೊರಗೆ ತೆಗೆಯುತ್ತಿದ್ದ ಸೀರೆ. ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು.

"ದೊಡ್ಡವ್ವಾ, ಹಳೇ ಧೋತ್ರ ಇದ್ದುವಲ್ಲ ನನ್ನವು!"

"ಹಸರದ ಬೇಕು. ಬೊಡ್ಡಿಗೆ ಬಿಳೀದು ಕಟ್ಟಿದರ ನಿಮ್ಮ ಮೇಡಂ ಹೆಣ ಅಂತ ತಿಳಕೊಂಡಾಳು."

ಶುಕ್ರವಾರದಿಂದ ಭಾನುವಾರದತನಕ ನಾವಿಬ್ಬರೂ ಗುಡ್ಡದ ಮೇಲಿದ್ದೆವು. ಅವಳು ಗೀರುವುದು, ಹಸಿರಿದ್ದರೆ ನಾನು ಚಿಂದಿ ಕಟ್ಟುವುದು. ಎರಡನೆಯ ದಿನ ನನಗೂ ಗೀರುವ ಬಡ್ತಿ ಸಿಕ್ಕಿತು. ಸಂಜೆಗೆ ನನ್ನ ಉಗುರು ಮುರಿಯಿತು, ಅವಳದು ಮುರಿಯಲಿಲ್ಲ. ಹುಸೇನಪ್ಪ ದೂರ ನಿಂತು ಒಂದಿಷ್ಟು ಹೊತ್ತು ನೋಡಿ, "ನಾ ಸರಕಾರಿ ಮನುಷ್ಯಾ, ಕಟ್ಟಾಕ ಬರೂದಿಲ್ಲರಿ" ಎಂದು, ಆಮೇಲೆ "ಗೀರಾಕ ಅಡ್ಡಿಯಿಲ್ಲ" ಎಂದು ಕೂತ. ಬೊಡ್ಡೆ ಕಡಿದು ಒಲೆಗೆ ಒಯ್ಯಲು ಕೊಡಲಿ ಹಿಡಿದು ಬಂದ ಇಬ್ಬರು ಹೆಂಗಸರಿಗೆ ದೊಡ್ಡವ್ವ ಬೈದ ಬೈಗುಳ ಬರೆಯಲು ಬರುವಂಥವಲ್ಲ. ಕೇಳಿ ನಾನೇ ನಾಲ್ಕು ಹೊಸ ಮಾತು ಕಲಿತೆ. ಅವರು ಕೊಡಲಿ ಬಗಲಿಗಿಟ್ಟು, ತಾವೂ ಗೀರತೊಡಗಿದರು.

ಸೋಮವಾರ ಮೇಡಂ ಬಂದಾಗ ಗುಡ್ಡದ ಬುಡದಲ್ಲಿ ಹಳದಿ ಯಂತ್ರ ಹಲ್ಲು ಕಿರಿದು ನಿಂತಿತ್ತು. ಮೇಲೆ, ಕರಿ ಗುಡ್ಡದ ತುಂಬ ಹಸಿರು ಚಿಂದಿಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಮೇಡಂ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ಬರ್ರಿ ಮೇಡಮ್ಮಾ. ಯಾವುದರ ಹಿಡೀರಿ, ನೀವ ಗೀರ್ರಿ. ಒಂದು ಸುಳ್ಳಾದರ ನಾ ಮಾತಾಡೂದಿಲ್ಲ."

"ಅಜ್ಜಿ, ಅಷ್ಟು ದೊಡ್ಡ ಮಾತಾಡ್ಬೇಡಿ."

"ನಾ ಸಣ್ಣ ಮಾತು ಕಲ್ತೇ ಇಲ್ರಿ."

ಮೇಡಂ ಅಲ್ಲೊಂದು ಇಲ್ಲೊಂದು ಹಿಡಿದು ಗೀರಿದರು. ಹಸಿರು. ಇನ್ನೊಂದು. ಹಸಿರು. ಬೂದಿಗೆ ಅವರ ಕೈ ಮೊಣಕೈತನಕ ಕಪ್ಪಾಯಿತು. ಮತ್ತೊಂದು, ಮಗದೊಂದು. ಕೊನೆಗೆ ದೊಡ್ಡ ಬಂಡೆಯ ನೆತ್ತಿಯ ಹತ್ತಿರ ಒಂದನ್ನು ಗೀರಿದರೆ ಕಂದು ಬಣ್ಣ ಬಂತು. ಒಣ ಪುಡಿ. ಇನ್ನಷ್ಟು ಕೆದರಿದರು. ಅಲ್ಲೂ ಪುಡಿ. ಆ ಚಿಂದಿ ಕಟ್ಟಿದ್ದು ನಾನೇ. ಭಾನುವಾರ ಸಂಜೆ, ಮುರಿದ ಉಗುರಿನ ನೋವಿಗೆ, ಗೀರದೆ ಕಟ್ಟಿದ್ದೆ. ಓದದೆ ಸಹಿ ಹಾಕುವವನ ಬುದ್ಧಿ ಗುಡ್ಡ ಹತ್ತಿದರೂ ಬಿಡಲಿಲ್ಲ.

ಹಾಗೆಂದು ಒಪ್ಪಿಕೊಂಡೆ. ದೊಡ್ಡವ್ವ ನನ್ನನ್ನು ಆ ಎಮ್ಮೆ ನೋಡಿದಂತೆಯೇ ನೋಡಿದಳು. ಆಮೇಲೆ ಬಗ್ಗಿ ಆ ಚಿಂದಿ ಬಿಚ್ಚಿ ಸೊಂಟಕ್ಕೆ ಸಿಗಿಸಿಕೊಂಡು, ಮೇಡಂ ಕಡೆ ತಿರುಗಿ ಹೇಳಿದಳು: "ಇದು ಸತ್ತೈತ್ರಿ. ಸುಳ್ಳಾತು. ನಾ ಇನ್ನ ಮಾತಾಡೂದಿಲ್ಲ." ಎಂದವಳೇ ಬಂಡೆಯ ಮೇಲೆ ಬೆನ್ನು ಮಾಡಿ ಕೂತುಬಿಟ್ಟಳು. ನನಗೆ ತಿಳಿವಳಿಕೆ ಬಂದಂದಿನಿಂದ ಅವಳು ಮಾತು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೇಡಂ ಅವಳ ಬೆನ್ನನ್ನೂ ಗುಡ್ಡವನ್ನೂ ಬಾರಿ ಬಾರಿ ನೋಡಿದರು. ಆಮೇಲೆ ಹುಸೇನಪ್ಪನಿಗೆ ಹೇಳಿದರು: "ಮಿಷನ್ ವಾಪಸ್ ಕಳ್ಸಿ. ಹೊಸ ಪಂಚನಾಮೆ ಬರೀರಿ. ಬರೀ ಬೇಲಿ ಹಾಕ್ಸೋಣ. ಅಜ್ಜಿ, ನೀವೂ ಒಬ್ಬ ಪಂಚರು."

ಹುಸೇನಪ್ಪ ಬರೆದ. ನಾನು ಈ ಸಲ ಪೂರ್ತಿ ಓದಿದೆ, ಎರಡು ತಪ್ಪು ತಿದ್ದಿದೆ, ಆಮೇಲೆ ಸಹಿ ಹಾಕಿದೆ. ದೊಡ್ಡವ್ವನ ಸರದಿ ಬಂದಾಗ ಹೆಬ್ಬೆಟ್ಟಿನ ಮಸಿಡಬ್ಬಿ ಬಿಸಿಲಿಗೆ ಒಣಗಿಹೋಗಿತ್ತು. ಹುಸೇನಪ್ಪ ಅದಕ್ಕೆ ಉಗುಳು ಹಚ್ಚಲು ನೋಡಿದ. ದೊಡ್ಡವ್ವ ಛೀ ಎಂದು ಅವನ ಕೈ ಸರಿಸಿ, ಪಕ್ಕದ ಬೊಡ್ಡೆಯ ಇದ್ದಿಲಿಗೆ ಹೆಬ್ಬೆರಳು ತಿಕ್ಕಿ, ಕಾಗದದ ಮೇಲೆ ಒತ್ತಿದಳು. ನನ್ನ ನೀಲಿ ಸಹಿಯ ಪಕ್ಕದಲ್ಲಿ ಆ ಕಪ್ಪು ಹೆಬ್ಬೆಟ್ಟು ಕೂತಿತು. ಎರಡರಲ್ಲಿ ಯಾವುದು ಗುಡ್ಡವನ್ನು ಕಂಡದ್ದು ಎಂದು ಯಾರೂ ಕೇಳಬೇಕಿರಲಿಲ್ಲ.

ಜೂನ್ ಮೊದಲಿಗೆ ಮಿರಗದ ಮಳೆ ಬಂತು. ಒಂದೊಂದು ಬುಡದಿಂದ ಐದೈದು ಚಿಗುರು ಎದ್ದವು, ಜಗಳಕ್ಕೆ ನಿಂತವರ ಹಾಗೆ. ಆದರೆ ಸುಟ್ಟ ವರ್ಷವೇ ಕಾಯಿ ಬಿಡುವಷ್ಟು ಔದಾರ್ಯ ಯಾವ ಗಿಡಕ್ಕೂ ಇಲ್ಲ. ಈ ಸಲ ದೊಡ್ಡವ್ವನ ಬುಟ್ಟಿ ಗೂಟದಲ್ಲೇ ಉಳಿಯಿತು. ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು, ಅದರ ಚೂರುಗಳನ್ನು ಪೈರಿಗೆ ಬೀರುತ್ತ ಚರಗ ಚೆಲ್ಲುತ್ತಾರೆ. ತೆನೆ ಹೊತ್ತ ಭೂಮಿ ಬಸುರಿ, ಬಸುರಿಗೆ ಬಯಕೆಯೂಟ. ಬೆಳೆಯಿದ್ದ ಹೊಲಕ್ಕೆ ಮಾತ್ರ. ಬೆಳೆಯಿಲ್ಲದ ಗುಡ್ಡಕ್ಕೆ ಚರಗ ಚೆಲ್ಲಿದ್ದನ್ನು ಊರು ಕಂಡಿರಲಿಲ್ಲ. ದೊಡ್ಡವ್ವ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಕಡುಬು ಕಟ್ಟಿ ನನ್ನ ತಲೆಯ ಮೇಲೆ ಹೊರಿಸಿದಳು. ದಾರಿಯಲ್ಲಿ ಯಾರೋ ಕೂಗಿದರು: "ನೀಲವ್ವಾ, ಕಲ್ಲಿಗಿ ಏನ ಬಯಕಿ?"

"ನಿಮ್ಮವ್ವ ನಿನ್ನಂಥಾ ಕಲ್ಲು ಹಡಿಯೂ ಮುಂದ ಏನ ಬಯಸಿದ್ಳು, ಹೋಗಿ ಕೇಳ!"

ತಂಗಡಿ ಹಳದಿಯಾಗಿ ಹೂ ಬಿಟ್ಟಿತ್ತು. ಹುಲ್ಲಿನಲ್ಲಿ ಗೌಜಲಹಕ್ಕಿ ಕೂಗುತ್ತಿತ್ತು. ದೊಡ್ಡವ್ವ ಕೂಗುತ್ತ ಚರಗ ಚೆಲ್ಲುತ್ತ ಬಂಡೆಯ ನೆತ್ತಿಯ ಹತ್ತಿರ ಬಂದವಳು ಗಕ್ಕನೆ ನಿಂತಳು. ಅಂದು ಚಿಂದಿ ಬಿಚ್ಚಿಸಿಕೊಂಡ ಬೊಡ್ಡೆ. ಅದರಿಂದ ಒಂದು ಮಾರು ದೂರದಲ್ಲಿ, ಬಂಡೆಯ ಸೀಳಿನ ಕೆಳಗೆ ಹರಿದ ಬೇರಿನಿಂದ, ಎರಡೇ ಎಲೆಯ ಒಂದು ಚಿಗುರು ಎದ್ದಿತ್ತು.

ಮೇಡಂ ಸತ್ತಿದೆ ಎಂದಿದ್ದರು. ನಾನು ಹೌದೆಂದಿದ್ದೆ. ದೊಡ್ಡವ್ವ ತಾನೇ ಬಾಯಿಬಿಟ್ಟು ಹೇಳಿದ್ದಳು. ಅವಳು ನನ್ನತ್ತ ನೋಡಲಿಲ್ಲ. ಸೊಂಟದ ಸಂಚಿಯಿಂದ ಆ ಹಸಿರು ಚಿಂದಿ ತೆಗೆದಳು, ಇಷ್ಟು ದಿನ ಇಟ್ಟುಕೊಂಡೇ ಇದ್ದಳು, ಆ ಚಿಗುರಿನ ಪಕ್ಕದ ಕಲ್ಲಿಗೆ ಸುತ್ತಿ, ಒಂದು ಇಡೀ ಕಡುಬನ್ನು ಅದರ ಬುಡಕ್ಕಿಟ್ಟಳು. ಉಳಿದವಕ್ಕೆಲ್ಲ ಚೂರು ಸಿಕ್ಕಿತ್ತು.

"ತಪ್ಪಾತು ತಾಯಿ," ಎಂದಳು. ಅವಳ ಬಾಯಲ್ಲಿ ಆ ಮಾತನ್ನೂ ನಾನು ಮೊದಲ ಸಲ ಕೇಳಿದೆ.

ಜನ ಈಗಲೂ ಕಾಗದ ತರುತ್ತಾರೆ. ನಾನೀಗ ಪೆನ್ನು ಹುಡುಕುವ ಮೊದಲು ಚಪ್ಪಲಿ ಬಿಚ್ಚಿ, ಎಲ್ಲಿ, ತೋರಿಸು ನಡಿ ಎನ್ನುತ್ತೇನೆ. ಅರ್ಧ ಜನ ಅಲ್ಲಿಂದಲೇ ವಾಪಸಾಗುತ್ತಾರೆ. ಬಲಗೈ ಹೆಬ್ಬೆರಳಿನ ಉಗುರನ್ನು ಬೆಳೆಯಲು ಬಿಟ್ಟಿದ್ದೇನೆ. ಅಸಹ್ಯ, ಕತ್ತರಿಸಿಕೊಳ್ಳಿ ಎಂದು ಹೆಂಡತಿ ದಿನಾ ಬೈಯುತ್ತಾಳೆ. ಅದೊಂದಕ್ಕೆ ಮಾತ್ರ ನಾನು ಸಹಿ ಹಾಕಿಲ್ಲ.