ಇನ್ನೂರ ಹದಿನೇಳಕ್ಕೆ ಇನ್ನೂರ ಹದಿನೇಳು

ಲೈಲ್ ಹ್ಯಾಸ್ಕೆಟ್ ಸತ್ತ ಮೇಲೆ ವಾಷಿಂಗ್ಟನ್ನಿನಿಂದ ಒಬ್ಬ ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದ. ನನ್ನ ಕ್ಷೌರದ ಅಂಗಡಿಯ ಪಕ್ಕದ ಬಾಗಿಲಿನಲ್ಲಿದ್ದ ಹಿತ್ತಾಳೆಯ ಹೆಸರಿನ ಫಲಕವನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಬಾಗಿಲಿನಲ್ಲಿ ಸ್ಕ್ರೂ ಹೋದ ತೂತುಗಳು ಉಳಿದವು. ಒಳಗೆ ವೆರೋನಾ ಹ್ಲಾವಟಿ ಉಳಿದಳು.

ಲೈಲ್ ನಮ್ಮ ಜಿಲ್ಲೆಯಿಂದ ಸಂಸತ್ತಿನ ಕೆಳಮನೆಗೆ ಆರಿಸಿಹೋದವನು. ಊರಿನಲ್ಲಿದ್ದ ಅವನ ಕಚೇರಿಯನ್ನು ವೆರೋನಾ ನೋಡಿಕೊಳ್ಳುತ್ತಿದ್ದಳು. ಸದಸ್ಯ ಸತ್ತರೂ ಕಚೇರಿ ಮುಚ್ಚಬಾರದೆಂಬುದು ಇಲ್ಲಿನ ಪದ್ಧತಿ. ಹೊಸಬ ಬರುವವರೆಗೆ ಸಿಬ್ಬಂದಿ ಫೋನ್ ಎತ್ತಬೇಕು, ಎಲ್ಲೋ ಸಿಕ್ಕಿಕೊಂಡ ಪಿಂಚಣಿಗಳನ್ನು ಬಿಡಿಸಿಕೊಡಬೇಕು. ಆದರೆ ಯಾವ ಮಸೂದೆಯ ಬಗ್ಗೆಯೂ ಒಂದು ಮಾತು ಆಡುವಂತಿಲ್ಲ. ನಮ್ಮಿಬ್ಬರ ನಡುವಿನ ಗೋಡೆ ತೆಳು, ಆಕೆ ಹೇಳುವುದೆಲ್ಲ ನನಗೆ ಕೇಳುತ್ತಿತ್ತು.

"ಜಿಲ್ಲಾ ಕಚೇರಿ, ಹೇಳಿ. ಇಲ್ಲ ಸಾರ್, ನಮಗೆ ಈಗ ಪ್ರತಿನಿಧಿ ಇಲ್ಲ. ತೀರ್ಕೊಂಡ್ರು. ಇಲ್ಲ, ಅವರ ಬದಲು ನಾನು ಏನೂ ಹೇಳೋ ಹಾಗಿಲ್ಲ. ನವೆಂಬರ್ ತನಕ ಯಾರೂ ಇಲ್ಲ ಸಾರ್."

ದಿನವಿಡೀ ಇದೇ. ಕೇಳಿ ಕೇಳಿ ನನಗೇ ತಲೆ ಕೆಡುತ್ತಿತ್ತು, ಇನ್ನು ಹೇಳುವವಳ ಗತಿ ಏನು.

ಇಲ್ಲಿ ಪಕ್ಷ ಎರಡೇ. ಗುರುತು ಹಿಡಿದು ಕರೆಯುವುದಾದರೆ ಕತ್ತೆ ಮತ್ತು ಆನೆ. ವೆರೋನಾ ಹುಟ್ಟಿನಿಂದ ಕತ್ತೆಯವಳು. ಬೈಗುಳವಲ್ಲ ಇದು, ಆಕೆಯ ಅಪ್ಪ ಗಣಿಯಲ್ಲಿದ್ದ, ಅವನ ಅಪ್ಪನೂ ಗಣಿಯಲ್ಲಿದ್ದ, ಆಗೆಲ್ಲ ನದಿಯ ಈ ದಂಡೆಯಲ್ಲಿ ಕತ್ತೆಗೆ ಬಿಟ್ಟು ಬೇರೆಯದಕ್ಕೆ ಓಟು ಹಾಕುವವರೇ ಇರಲಿಲ್ಲ. ನಾನು ಆನೆಯವನು. ನನ್ನ ಸಣಕಲು ಮೈಕಟ್ಟು ನೋಡಿದವರು ನಂಬುವುದಿಲ್ಲ.

ಲೈಲ್ ಇದ್ದಾಗ ನಮ್ಮಿಬ್ಬರ ನಡುವೆ ಒಂದು ಆಟವಿತ್ತು. ಕೆಳಮನೆಯಲ್ಲಿ ಅವರ ಕಡೆಗೆ ಗೆಲುವಾದರೆ ಆಕೆ ಗೋಡೆಗೆ ಎರಡು ಗುದ್ದು ಗುದ್ದುವಳು. ನಮ್ಮ ಕಡೆಗಾದರೆ ನಾನು ಬ್ರಶ್ಶಿನ ಹಿಡಿಯಿಂದ ಎರಡು ಸಲ ಕುಟ್ಟುವೆ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು. ಮಧ್ಯಾಹ್ನ ಆಕೆ ಚರ್ಚಿನ ಹೆಂಗಸರು ಮಾಡಿದ ಆಲೂಗಡ್ಡೆ ಕಡುಬನ್ನು ಡಬ್ಬಿಯಲ್ಲಿ ತಂದು ನನ್ನ ಕನ್ನಡಿಯ ಮುಂದೆ ಇಡುವಳು.

"ತಿನ್ನಪ್ಪಾ. ಸೋತೋರಿಗೂ ಹೊಟ್ಟೆ ಅಂತ ಒಂದಿರುತ್ತಲ್ಲ."

"ಇನ್ನೂರ ಹದಿನೆಂಟಕ್ಕೆ ಇನ್ನೂರ ಹದಿನೇಳು. ಇದನ್ನ ಗೆಲುವು ಅಂತೀಯಾ? ಒಬ್ಬನಿಗೆ ಜ್ವರ ಬಂದ್ರೆ ಮುಗೀತು ನಿಮ್ಮ ರಾಜ್ಯಭಾರ."

ಲೆಕ್ಕ ನಿಜವಾಗಿಯೂ ಹಾಗೇ ಇತ್ತು. ನಾಲ್ಕುನೂರ ಮೂವತ್ತೈದು ಕುರ್ಚಿಯ ಮನೆಯಲ್ಲಿ ಅವರಿಗೆ ಒಂದೇ ಒಂದು ಹೆಚ್ಚು. ಆ ಒಂದು ನಮ್ಮ ಲೈಲ್ ಎಂದು ಆಕೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಹೇಳಿಕೊಳ್ಳಲು ಕಾರಣವಿತ್ತು. ಆಕೆಯ ಗಂಡ ಜೀನ್ ಗಣಿಯಲ್ಲಿ ದುಡಿದು ಎದೆ ತುಂಬ ಕಲ್ಲಿದ್ದಲ ಧೂಳು ತುಂಬಿಕೊಂಡು ಬಂದವನು. ಮೆಟ್ಟಿಲು ಹತ್ತಲಾಗದು, ಮಲಗಿದರೆ ಕೆಮ್ಮು, ಮೂಗಿಗೆ ಸದಾ ಆಮ್ಲಜನಕದ ಕೊಳವೆ. ಗುಡ್ಡದ ಕೆಳಗೆ ಗಣಿಯವರಿಗೆಂದೇ ಒಂದು ಚಿಕ್ಕ ಆಸ್ಪತ್ರೆ ಇತ್ತು, ಗಣಿಯವರು ಅದನ್ನು ಉಸಿರು ಸ್ಕೂಲ್ ಎನ್ನುತ್ತಿದ್ದರು. ಪಾಲೆಟ್ ಎಂಬ ನರ್ಸ್ ಅಲ್ಲಿ ಅವರನ್ನು ಸಾಲಾಗಿ ಕೂರಿಸಿ ಉಸಿರು ಎಳೆಯುವುದನ್ನೂ ಬಿಡುವುದನ್ನೂ ಮಕ್ಕಳಿಗೆ ಕಲಿಸಿದ ಹಾಗೆ ಕಲಿಸುತ್ತಿದ್ದಳು. ಕಫ ಕಟ್ಟಿದಾಗ ಎದೆ ತಟ್ಟಿ ಬಿಡಿಸುತ್ತಿದ್ದಳು, ಸೋಂಕು ತಗಲಿದರೆ ಮೊದಲೇ ಹಿಡಿಯುತ್ತಿದ್ದಳು. ಜೀನ್ ಬದುಕಿದ್ದದ್ದೇ ಅದರಿಂದ. ಅದು ನಡೆಯುತ್ತಿದ್ದದ್ದು ವಾಷಿಂಗ್ಟನ್ನಿನ ದುಡ್ಡಿನಲ್ಲಿ, ಆ ದುಡ್ಡಿಗೆ ಆಗಾಗ ಕೆಳಮನೆ ಮತ್ತೆ ಕೈಯೆತ್ತಬೇಕಿತ್ತು.

ಹಾಗಾಗಿ ಲೈಲ್‌ಗೆ ಕ್ಯಾನ್ಸರ್ ಎಂದು ಗೊತ್ತಾದಾಗ ವೆರೋನಾ ಆ ಸುದ್ದಿಯನ್ನು ನುಂಗಿಕೊಂಡಳು.

ನನಗೂ ಗೊತ್ತಿತ್ತು. ಅವನ ತಲೆ ನನ್ನ ಕೈಯಲ್ಲೇ ಬೋಳಾಯಿತು, ಅವನ ಟೋಪನ್ನನ್ನು ಕಿವಿಯ ಹತ್ತಿರ ಸರಿಮಾಡಿ ಕೊಟ್ಟವನೂ ನಾನೇ. ಕುರ್ಚಿಯಲ್ಲಿ ಕೂತವನ ತಲೆಯ ವಿಷಯ ಅಂಗಡಿ ದಾಟಬಾರದು, ನಮ್ಮ ಕಸುಬಿನ ಮರ್ಯಾದೆ ಅದು. ಹೊಸಬನನ್ನು ನಿಲ್ಲಿಸಿದರೆ ಜಿಲ್ಲೆ ಆನೆಯ ಪಾಲಾಗುತ್ತದೆಂದು ಅವರ ಪಕ್ಷದ ಹಿರಿಯರಿಗೆ ಖಾತ್ರಿಯಿತ್ತು. ಲೈಲ್‌ನ ಹೆಸರಿಗೆ ಮಾತ್ರ ಈ ಕಡೆ ಓಟು ಬೀಳುತ್ತಿತ್ತು. ಆದ್ದರಿಂದ ಸಾಯುತ್ತಿರುವವನನ್ನೇ ಮತ್ತೆ ನಿಲ್ಲಿಸಿದರು. ಬೇರೆ ಕಡೆ ಇಂಥ ಕೆಲಸ ಮಾಡುತ್ತಾರೋ ಇಲ್ಲವೋ, ಇಲ್ಲಿ ಮಾಡುತ್ತಾರೆ. ಒಂದು ಕುರ್ಚಿ ಉಳಿಯುತ್ತದೆಂದರೆ ಹೆಣವನ್ನಾದರೂ ಕೂರಿಸಿಯಾರು.

ಆ ವರ್ಷ ಶರತ್ಕಾಲದಲ್ಲಿ, ಚುನಾವಣೆಗೆ ಮುಂಚೆ, ವೆರೋನಾ ಕೆಲಸ ಮುಗಿಸಿ ಮನೆಮನೆ ತಿರುಗಿದಳು. ಬೆನ್ನಿಗೆ ಆಪರೇಷನ್ ಆಗಿದೆ, ಅದಕ್ಕೇ ಬಂದಿಲ್ಲ, ವಸಂತಕ್ಕೆ ಓಡಾಡುತ್ತಾರೆ ಎಂದು ಎಲ್ಲರಿಗೂ ಹೇಳಿದಳು. ಆಕೆಯ ಮಾತನ್ನು ಊರು ನಂಬುತ್ತಿತ್ತು. ಅರ್ಧ ಊರಿನ ಪಿಂಚಣಿ ಬಿಡಿಸಿಕೊಟ್ಟವಳು, ನಂಬದೆ ಇನ್ನೇನು. ಜೀನ್ ಒಬ್ಬನೇ ತಡೆದ. ನಾನು ಅವನ ಕೂದಲು ಕತ್ತರಿಸಲು ಮನೆಗೆ ಹೋಗಿದ್ದಾಗ ನನ್ನೆದುರಿಗೇ ಹೇಳಿದ.

"ಸಾಯೋನಿಗೆ ಓಟು ಕೇಳ್ತಾ ಇದೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?"

"ನಿಂಗೋಸ್ಕರ ಕೇಳ್ತಿರೋದು ಕಣೋ. ಸೀಟು ಉಳಿದ್ರೆ ಉಸಿರು ಸ್ಕೂಲ್ ಉಳಿಯುತ್ತೆ. ಅದು ಉಳಿದ್ರೆ ನೀನು ಉಳೀತೀಯ."

"ಅವನು ನಡುವೆ ಹೋಗ್ಬಿಟ್ರೆ?"

"ಹೋದ್ರೆ ಇನ್ನೊಂದು ಚುನಾವಣೆ ಮಾಡ್ತಾರೆ. ಎರಡು ತಿಂಗಳಲ್ಲಿ ಬೇರೆಯವರು ಬರ್ತಾರೆ. ಸುಮ್ನೆ ತಲೆ ಅಲ್ಲಾಡಿಸ್ಬೇಡ, ಡ್ವೈಟ್ ಕಿವಿ ಕತ್ತರಿಸಿಬಿಟ್ಟಾನು."

ಲೈಲ್ ಗೆದ್ದ. ಒಂದು ವರ್ಷ ಹೇಗೋ ಮನೆಗೂ ಆಸ್ಪತ್ರೆಗೂ ಓಡಾಡಿಕೊಂಡು ಕುರ್ಚಿ ಹಿಡಿದುಕೊಂಡಿದ್ದ. ಮುಂದಿನ ವರ್ಷ, ಎರಡು ವರ್ಷಕ್ಕೊಮ್ಮೆ ಬರುವ ಕೆಳಮನೆ ಚುನಾವಣೆಯ ವರ್ಷ, ಹಿಮ ಕರಗುವ ಮುಂಚೆ ತೀರಿಕೊಂಡ.

ತೆರವಾದ ಕುರ್ಚಿಗೆ ಚುನಾವಣೆ ಯಾವಾಗ ಎಂದು ಹೇಳುವವರು ನಮ್ಮ ರಾಜ್ಯದ ಗವರ್ನರ್. ಅವರು ನನ್ನ ಪಕ್ಷದವರು. ಹೇಗೂ ನವೆಂಬರಿನಲ್ಲಿ ದೇಶಕ್ಕೆಲ್ಲ ಚುನಾವಣೆ ಇದೆಯಲ್ಲ, ಇದನ್ನೂ ಅವತ್ತೇ ಮಾಡಿದರಾಯಿತು, ಎರಡು ಸಲ ಖರ್ಚೇಕೆ ಎಂದರು. ಕೇಳುವುದಕ್ಕೆ ಚೆನ್ನಾಗಿತ್ತು. ಕೆಳಮನೆಯಲ್ಲಿ ಎರಡೂ ಕಡೆ ಸಮ ಸಮ ಆಗಿ ಕೂತದ್ದು ಅದರಿಂದಲೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವೆರೋನಾ ಮಾತ್ರ ಬಂದು ನನ್ನ ಅಂಗಡಿಯ ಬಾಗಿಲಲ್ಲಿ ನಿಂತಳು.

"ನಿಮ್ಮೋರು ಕಣ್ಣಿಗೆ ಮಣ್ಣೆರಚಿದ್ರು ಕಣೋ ಡ್ವೈಟ್."

"ನಿಮ್ಮೋರು ಎರಚಿದ ಮೇಲೆ ತಾನೆ ನಮ್ಮೋರು ಎರಚಿದ್ದು" ಎಂದೆ. ಆಕೆ ಬಾಗಿಲು ಎಳೆದುಕೊಂಡು ತನ್ನ ಕಚೇರಿಗೆ ಹೋದಳು.

ಜೂನ್ ತಿಂಗಳಲ್ಲಿ ಉಸಿರು ಸ್ಕೂಲುಗಳ ಹಣದ ಮಸೂದೆ ಬಂತು. ಮೇಲ್ಮನೆ ಆಗಲೇ ಒಪ್ಪಿತ್ತು. ಕೆಳಮನೆಯಲ್ಲಿ ನಮ್ಮವರು ಒಟ್ಟಾಗಿ ಬೇಡವೆಂದರು. ಗಣಿಯವರ ಮೇಲೆ ಸಿಟ್ಟೇನಿರಲಿಲ್ಲ. ಚುನಾವಣೆಗೆ ಮುಂಚೆ ಕತ್ತೆಯವರಿಗೆ ಒಂದು ಗೆಲುವೂ ದಕ್ಕಬಾರದು, ಅಷ್ಟೆ. ಕತ್ತೆಯವರು ಒಟ್ಟಾಗಿ ಬೇಕೆಂದರು. ನಾನು ರೇಡಿಯೋ ಹಾಕಿಕೊಂಡು ಕತ್ತಿ ಮಸೆಯುತ್ತಿದ್ದೆ. ಇನ್ನೂರ ಹದಿನೇಳು, ಇನ್ನೂರ ಹದಿನೇಳು. ಸಮವಾದರೆ ಮಸೂದೆ ಬಿದ್ದಂತೆ.

ನಮ್ಮ ಕಡೆ ಗೆದ್ದಿತ್ತು. ನಾನು ಗೋಡೆಗೆ ಕುಟ್ಟಬೇಕಿತ್ತು. ಬ್ರಶ್ಶು ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟು ಪಕ್ಕದ ಕಚೇರಿಗೆ ಹೋದೆ. ವೆರೋನಾ ಕಂಪ್ಯೂಟರಿನ ಮುಂದೆ ಕೂತಿದ್ದಳು, ಪರದೆಯ ಮೇಲೆ ಖಾಲಿಯಾಗುತ್ತಿದ್ದ ಸಭಾಂಗಣ ಕಾಣುತ್ತಿತ್ತು.

"ಒಂದೇ ಒಂದು ಓಟು" ಎಂದಳು. "ನಮ್ಮ ಊರಿಂದು."

"ನಿನ್ನ ತಪ್ಪಲ್ಲಮ್ಮ ಅದು."

"ಮತ್ಯಾರದು? ಗಟ್ಟಿಮುಟ್ಟಾಗಿರೋ ಯಾರಾದ್ರೂ ನಿಂತಿದ್ದು ಗೆದ್ದಿದ್ರೆ ಇವತ್ತು ಅಲ್ಲಿ ಕೂತಿರ್ತಿದ್ರು. ನಿಮ್ಮ ಆನೆಯವನೇ ಗೆದ್ದಿದ್ರೂ ಅವನ ಮನೆ ಮುಂದೆ ಹೋಗಿ ಕೂತು, ನಮ್ಮ ಊರಿನ ಗಣಿಯೋರಪ್ಪ ಅಂತ ಕಾಲಾದ್ರೂ ಹಿಡೀಬಹುದಿತ್ತು. ಈಗ ಯಾರ ಕಾಲು ಹಿಡೀಲಿ ನಾನು? ಖಾಲಿ ಕುರ್ಚಿ ಕಾಲು ಹಿಡೀಲಾ?"

ಅಷ್ಟರಲ್ಲಿ ಫೋನ್ ಬಂತು, ಮಸೂದೆ ಏನಾಯಿತು ಎಂದು ಯಾರೋ ಕೇಳುತ್ತಿದ್ದರು. ಆ ಬಗ್ಗೆ ಮಾತಾಡುವಂತಿಲ್ಲ ಸಾರ್ ಎಂದು ಆಕೆ ಎಂದಿನ ದನಿಯಲ್ಲೇ ಹೇಳಿದಳು.

ಸೆಪ್ಟೆಂಬರ್ ಕೊನೆಗೆ ಉಸಿರು ಸ್ಕೂಲ್ ಮುಚ್ಚಿತು. ಪಾಲೆಟ್ ಬೇರೆ ರಾಜ್ಯದಲ್ಲಿ ಕೆಲಸ ಹಿಡಿದು ಹೊರಟುಹೋದಳು. ಇಂಥದೇ ಇನ್ನೊಂದು ಆಸ್ಪತ್ರೆ ಇದ್ದದ್ದು ಬೆಟ್ಟಗಳ ಆಚೆ. ವೆರೋನಾ ಜೀನ್‌ನನ್ನು ಒಮ್ಮೆ ಅಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ತಿರುವು ದಾರಿ, ಹೋಗಿ ಬರುವಷ್ಟರಲ್ಲಿ ಅವನು ನೀಲಿಗಟ್ಟಿದ್ದ. ಇನ್ನು ಆ ಕಡೆ ಕರೀಬೇಡ ಎಂದು ಕೈಯಾಡಿಸಿಬಿಟ್ಟ.

ಅಕ್ಟೋಬರಿನಲ್ಲಿ ಅವರ ಪಕ್ಷದ ಒಬ್ಬ ಹಿರಿಯ ಹ್ಲಾವಟಿಯವರ ಮನೆಗೆ ಬಂದ. ನಾನು ಜೀನ್‌ಗೆ ಗಡ್ಡ ಹೆರೆಯುತ್ತಿದ್ದೆ. ಈಚೆಗೆ ಕೂದಲಿಗಷ್ಟೇ ಅಲ್ಲ, ಗಡ್ಡಕ್ಕೂ ನಾನೇ ಹೋಗುತ್ತಿದ್ದೆ.

"ಈ ಸಲ ನಿಲ್ಲಿಸಿರೋ ಹುಡುಗ ಒಳ್ಳೆಯವನು ವೆರೋನಾ. ನೀವು ನಾಲ್ಕು ಮನೆ ತಿರುಗಿದ್ರೆ ಗೆದ್ದ ಹಾಗೇನೇ. ಜನಕ್ಕೆ ನಿಮ್ಮ ಮೇಲೆ ನಂಬಿಕೆ."

"ಎದೆ ಗುಂಡಿಗೆ ಎಲ್ಲಾ ನೆಟ್ಟಗಿದೆಯಾ ಅವನದು?" ಎಂದು ಜೀನ್ ನೊರೆಯ ಒಳಗಿಂದ ಕೇಳಿದ.

ಹಿರಿಯ ನಕ್ಕ. ಬೇರೆ ಯಾರೂ ನಗಲಿಲ್ಲ. ಅವನು ಹೋದ ಮೇಲೆ ವೆರೋನಾ ಕೋಟು ಹಾಕಿಕೊಂಡಳು. ಹೋಗಬೇಡವೆಂದು ನಾನೇ ಹೇಳಿದೆ, ಆನೆಯವನು ಅಂತಲ್ಲ, ಅವಳ ಮುಖ ನೋಡಲಾಗದೆ. ಗೆದ್ದರೆ ಉಸಿರು ಸ್ಕೂಲ್ ಮತ್ತೆ ತೆಗೆಯುತ್ತಾರೇನೋ ಡ್ವೈಟ್, ಎಂದಳು. ಜೀನ್ ಕಡೆ ನೋಡಲಿಲ್ಲ.

ಮೊದಲು ಹೋದದ್ದು ಆಗ್ನೆಸ್ ಕುಬಾಲಾ ಮನೆಗೆ. ಆಗ್ನೆಸ್ ಮುದುಕಿ, ಆಕೆಯ ಮಗನೂ ಉಸಿರು ಸ್ಕೂಲಿನ ಗಿರಾಕಿಯೇ. ಅಲ್ಲಿ ಆದದ್ದನ್ನು ವೆರೋನಾ ಮರುದಿನ ನನ್ನ ಅಂಗಡಿಯಲ್ಲಿ ಕೂತು ಹೇಳಿದಳು. ಆಗ್ನೆಸ್ ಜಗಳವಾಡಲಿಲ್ಲವಂತೆ. ಒಳಗೆ ಕೂರಿಸಿ ಕಾಫಿ ಕೊಟ್ಟು, ಮಗ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿರುವಾಗ, ಮೆಲ್ಲಗೆ ಕೇಳಿದಳಂತೆ.

"ಹೋದ ಸಲ ಬೆನ್ನಿಗೆ ಆಪರೇಷನ್ ಅಂದಿದ್ದೆ. ನಿಂಗೆ ಗೊತ್ತಿತ್ತಾ ಮಗಳೇ?"

"ಗೊತ್ತಿತ್ತು ಆಗ್ನೆಸ್."

"ಸರಿ. ಕಾಫಿ ಕುಡಿ, ಆರಿಹೋಗುತ್ತೆ."

ವೆರೋನಾ ಕಾಫಿ ಕುಡಿದು ಎದ್ದು ಬಂದಳು. ಎರಡನೇ ಮನೆಗೆ ಹೋಗಲಿಲ್ಲ.

ಜೀನ್‌ಗೆ ಅಕ್ಟೋಬರ್ ಕೊನೆಯಲ್ಲಿ ಎದೆಗೆ ಸೋಂಕು ತಗಲಿತು. ಮೊದಲಾಗಿದ್ದರೆ ಪಾಲೆಟ್ ಅವನು ಕೂತ ಭಂಗಿ ನೋಡಿಯೇ ಹಿಡಿದುಬಿಡುತ್ತಿದ್ದಳು. ದೊಡ್ಡಾಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಚುನಾವಣೆಯ ಹಿಂದಿನ ವಾರ ಅವನು ಹೋದ. ಕೊನೆಯ ಸಲ ಅವನ ಗಡ್ಡ ಹೆರೆದವನು ನಾನು, ಶವಸಂಸ್ಕಾರದವರು ಬೇರೆಯವರನ್ನು ಕರೆಯುತ್ತೇವೆ ಎಂದರೂ ಬಿಡಲಿಲ್ಲ. ಅಷ್ಟು ಸಪೂರವಾಗಿದ್ದ ಕೆನ್ನೆಯ ಮೇಲೆ ನಾನು ಯಾವತ್ತೂ ಕತ್ತಿ ಆಡಿಸಿರಲಿಲ್ಲ. ದುಃಖ ತಡೆಯಲಾಗಲಿಲ್ಲ, ಅಲ್ಲೇ ಅತ್ತುಬಿಟ್ಟೆ.

ಚುನಾವಣೆಯಲ್ಲಿ ಅವರ ಹುಡುಗನೇ ಗೆದ್ದ. ವೆರೋನಾ ಮನೆಮನೆ ತಿರುಗದೆಯೂ ಗೆದ್ದ. ದೇಶದಲ್ಲಿ ಮಾತ್ರ ನಮ್ಮವರು ಸಾಕಷ್ಟು ಕುರ್ಚಿ ಗೆದ್ದು, ಜನವರಿಯಿಂದ ಕೆಳಮನೆ ಆನೆಯದೆಂದಾಯಿತು. ತೆರವಾದ ಕುರ್ಚಿಯನ್ನು ಹುಡುಗ ತಕ್ಷಣವೇ ತುಂಬಿದ. ಮತ್ತೆ ಒಬ್ಬ ಸ್ಕ್ರೂಡ್ರೈವರ್ ಹಿಡಿದು ಬಂದು, ಹಳೆಯ ತೂತುಗಳಿಗೇ ಹೊಸ ಫಲಕ ಕೂರಿಸಿದ.

ಡಿಸೆಂಬರಿನಲ್ಲಿ, ಹಳೆಯ ಕೆಳಮನೆಯ ಕೊನೆಯ ದಿನಗಳಲ್ಲಿ, ಉಸಿರು ಸ್ಕೂಲಿನ ಮಸೂದೆ ಮತ್ತೆ ಬಂತು. ನಾನು ರೇಡಿಯೋ ಹಾಕಿದೆ. ಇಬ್ಬರು ಗಿರಾಕಿಗಳೂ ಮಾತು ನಿಲ್ಲಿಸಿದರು. ಎಣಿಕೆ ಮುಗಿಯುವ ತನಕವೂ ಕಾಯಬೇಕಾಗಲಿಲ್ಲ. ಮುನ್ನೂರು ದಾಟಿಹೋಯಿತು. ಕತ್ತೆಯವರೂ ಹೌದೆಂದರು, ಆನೆಯವರಲ್ಲೂ ಮುಕ್ಕಾಲು ಪಾಲು ಹೌದೆಂದರು. ಗೆಲ್ಲಬೇಕಾದದ್ದನ್ನು ಗೆದ್ದಾಗಿತ್ತು, ಇನ್ನು ಗಣಿಯವರ ಉಸಿರಿಗೆ ಅಡ್ಡ ನಿಂತು ಯಾರಿಗೂ ಏನೂ ಆಗಬೇಕಿರಲಿಲ್ಲ.

ಗೋಡೆಯ ಆಚೆಯಿಂದ ಗುದ್ದು ಕೇಳಿಸಲಿಲ್ಲ. ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಪಕ್ಕಕ್ಕೆ ಹೋದೆ. ವೆರೋನಾ ಕುರ್ಚಿಯಲ್ಲಿ ಕೂತಿದ್ದಳು. ಪರದೆಯನ್ನು ಆರಿಸಿದ್ದಳು.

"ಎಷ್ಟಾಯ್ತು?" ಎಂದೆ. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ.

"ಎಣಿಸ್ಲಿಲ್ಲ ಡ್ವೈಟ್" ಎಂದಳು. "ನಮ್ಮ ಸೀಟು ಬೇಕಾಗೇ ಇರ್ಲಿಲ್ಲ ನೋಡು. ಲೈಲೂ ಬೇಕಾಗಿರ್ಲಿಲ್ಲ, ಈ ಹುಡುಗನೂ ಬೇಕಾಗಿರ್ಲಿಲ್ಲ. ಒಂದು ನವೆಂಬರ್ ಕಳೀಬೇಕಾಗಿತ್ತು, ಅಷ್ಟೆ. ಜೀನ್ ಕೈಲಿ ಅದು ಆಗ್ಲಿಲ್ಲ" ಎಂದಳು.

ಫೋನ್ ಬಂತು. ಆಕೆ ಎತ್ತಿ, ಹೊಸ ಹುಡುಗನ ಹೆಸರು ಹೇಳಿ, ಅವರ ಕಚೇರಿ ಎಂದಳು. ಆಚೆಯವರು ಉಸಿರು ಸ್ಕೂಲ್ ಮತ್ತೆ ತೆಗೆಯುತ್ತಾರಂತಲ್ಲ ಎಂದು ಕೇಳಿರಬೇಕು.

"ದುಡ್ಡು ಮಂಜೂರಾಗಿದೆ. ನರ್ಸು ಸಿಗ್ಬೇಕು, ಕಟ್ಟಡ ನೋಡ್ಬೇಕು, ಯಾವಾಗ ಅಂತ ಹೇಳಕ್ಕಾಗಲ್ಲ ಸಾರ್. ನಿಮಗೆ ಈಗ ಹೇಗಿದೆ, ಉಸಿರು?"

ಅವನು ಉತ್ತರ ಹೇಳುವ ಮುಂಚೆ ಕೆಮ್ಮತೊಡಗಿದ, ನಾನು ನಿಂತಲ್ಲಿಗೂ ಕೇಳಿಸುತ್ತಿತ್ತು. ವೆರೋನಾ ಫೋನನ್ನು ಕಿವಿಗೆ ಹಿಡಿದುಕೊಂಡು, ಕೆಮ್ಮು ನಿಲ್ಲುವವರೆಗೂ ಕಾಯುತ್ತ ಕೂತಿದ್ದಳು.