ಎಳೇದು, ಬಲಿತದ್ದು

ಟಿಕ್. ಟಿಕ್. ಮಣಿಕಟ್ಟಿಗೆ ವೈರು ಹಚ್ಚಿದ್ದ ಯಂತ್ರ ಸದ್ದು ಮಾಡಿದಾಗೆಲ್ಲ ಅನ್ನವ್ವನ ಬಲಗೈ ಹೆಬ್ಬೆರಳು ಜಿಗಿಯುತ್ತಿತ್ತು. ಅದು ಬೇರೆ ಯಾರದೋ ಬೆರಳು ಎಂಬಂತೆ ಅವಳು ನೋಡುತ್ತ ಕುಳಿತಿದ್ದಳು.

ಸವಣೂರಿನಲ್ಲಿ ಮೂವತ್ತು ವರ್ಷ ವೀಳ್ಯದೆಲೆ ಆರಿಸಿದವಳು ಅವಳು. ಒದ್ದೆ ಗೋಣಿಯ ಮುಂದೆ ಕುಳಿತು ಎಲೆಯ ಬೆನ್ನನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಒಮ್ಮೆ ಎಳೆದರೆ ಸಾಕು. ಎಳೆಯದು ಈ ಕಡೆ, ಬಲಿತದ್ದು ಆ ಕಡೆ. ಕಣ್ಣಿನ ಕೆಲಸವೇ ಇರಲಿಲ್ಲ. ಈ ಯುಗಾದಿಯ ಹೊತ್ತಿಗೆ ಬೆರಳ ತುದಿಗೆ ಹಿಡಿದ ಜೋಮು ಬಿಡಲಿಲ್ಲ. ಯಾರಿಗೂ ಹೇಳದೆ ಎಲೆಯನ್ನು ತುಟಿಗೆ ಸವರಿ ನೋಡತೊಡಗಿದಳು. ಅಂಗಡಿಯ ಯಜಮಾನ ಕರಬಸಪ್ಪ ಅದನ್ನು ಕಂಡುಬಿಟ್ಟ. ಮದುವೆ ಮನೆಗೆ ಹೊರಟಿದ್ದ ಬುಟ್ಟಿಯೆಲ್ಲ ಎಂಜಲು! ಬೈಯಲಿಲ್ಲ. ಬುಟ್ಟಿಯನ್ನು ಆಡುಗಳ ಮುಂದೆ ಸುರುವಿ, ಅವಳನ್ನು ಶಿಗ್ಗಾಂವಿಯ ಈ ಆಸ್ಪತ್ರೆಗೆ ಕರೆತಂದ. ಬೆರಳು ಸರಿಹೋದರೆ ಗೋಣಿಯ ಮುಂದಿನ ಜಾಗ ಅವಳದೇ ಎಂದಿದ್ದ.

"ಮೈಯಾಗೂ ಕರೆಂಟ ಇರತೈತೇನ್ರಿ?" ಅನ್ನವ್ವ ಕೇಳಿದಳು.

"ಇರತೈತವ್ವಾ, ಉಪ್ಪಿನ ಕರೆಂಟ," ಎಂದಳು ಡಾಕ್ಟರ್ ಸುನಿತಾ. "ನರದ ಗ್ವಾಡಿಗೆ ಸಣ್ಣ ಸಣ್ಣ ಬಾಗಲಾ ಅದಾವು. ಮುಟ್ಟಿದ ಕೂಡ್ಲೆ ಒಂದು ತೆರಿತೈತಿ. ಹೊರಗಿನ ಉಪ್ಪಿನ ಕಣ ಒಳಗ ನುಗ್ಗತಾವು. ಆ ಕಣದಾಗ ಕರೆಂಟ ಇರತೈತಲ್ಲ, ಅದರ ಹೊಡೆತಕ್ಕ ಮಗ್ಗಲಿನ ಬಾಗಲಾ ತೆರಿತೈತಿ. ಹಿಂಗ ಒಂದರ ಹಿಂದೊಂದು, ತಲಿತನಕ."

"ಎಲಿತ್ವಾಟದಾಗ ಮಡಿಯಿಂದ ಮಡಿಗೆ ನೀರ ಹೊಕ್ಕಂಗ."

"ಹಂಗ ನೋಡ್ರಿ."

"ನಮ್ಮಕ್ಕನ ಲೈನ್ ಹೋಗೇತ್ರಿ, ಲೈನ್‌ಮನ್‌ನ ಕರಸ್ರಿ," ಎಂದ ಕರಬಸಪ್ಪ.

ಸುನಿತಾ ಪರದೆಯ ಮೇಲಿನ ಗೆರೆ ತೋರಿಸಿದಳು. ಮುಟ್ಟಿದ್ದನ್ನು ತೋರಿಸುವ ಅಲೆ ಏಳದೆ ಅದು ಹೆಚ್ಚುಕಡಿಮೆ ನೆಟ್ಟಗೇ ಇತ್ತು. "ಮಣಿಕಟ್ಟಿನಾಗ ನರ ಭಾಳ ಒತ್ತಿ ಹೋಗೇತಿ. ಬೆರಳಿನ ಸುದ್ದಿ ಅಲ್ಲೇ ನಿಲ್ಲಾಕತ್ತೈತಿ. ಆಪರೇಶನ್ ಮಾಡಿದ್ರ ಇನ್ನ ಮುಂದ ಕೆಡಂಗಿಲ್ಲ. ಆದ್ರ ಹೋದದ್ದು ಪೂರಾ ಬರತೈತಂತ ನಾ ಹೇಳಂಗಿಲ್ರಿ."

ಅನ್ನವ್ವ ತಲೆಯಾಡಿಸಿದಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ.

ಹೊರಗೆ ಬೇವಿನ ಕೆಳಗೆ ಕುಳಿತು, ಕರಬಸಪ್ಪನ ಎಲೆ ಸಂಚಿಗೆ ಕೈಹಾಕಿ ಒಂದೆಲೆ ತೆಗೆದಳು. ಕಣ್ಣು ಮುಚ್ಚಿ ಬೆರಳುಗಳ ನಡುವೆ ಎಳೆದಳು.

"ಎಳೇದು," ಎಂದಳು.

ಕರಬಸಪ್ಪ ಎಲೆಯ ಕಡೆಗೊಮ್ಮೆ ನೋಡಿದ. "ಹೂಂ, ಎಳೇದ."

ಅವಳು ಕಣ್ಣು ತೆರೆದಳು. ಎಲೆ ಬಲಿತು ಕಡುಹಸಿರಾಗಿತ್ತು, ಬೆನ್ನ ಮೇಲೆ ನರಗಳು ದಪ್ಪಗೆ ಎದ್ದಿದ್ದವು.

"ನಾಳೆ ಬಂದು ನಿನ್ನ ಜಾಗಾದಾಗ ಕುಂದ್ರು ಅಕ್ಕಾ," ಅವನು ಗಡಿಬಿಡಿಯಿಂದ ಅನ್ನತೊಡಗಿದ. "ನೀ ಆರಿಸಿದ್ದನ್ನ ಹಿಂದಿಂದ ನಾ ಮತ್ತೊಮ್ಮೆ ನೋಡ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ. ನೀ ಸುಮ್ನ..."

ಅನ್ನವ್ವ ಎಲೆಯನ್ನು ಅವನ ಅಂಗೈಯಲ್ಲಿಟ್ಟು, ಸೆರಗು ಸರಿಮಾಡಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅವನು ಇನ್ನೂ ಹೇಳುತ್ತಲೇ ಇದ್ದ.