ಮುಖ ಕ್ಯಾಲೆಂಡರ್ ಕಡೆ

ಕೊರಿಯರಿನವನು ತಂದುಕೊಟ್ಟ ಹೊಸ ಯೋಗಾ ಮ್ಯಾಟನ್ನು ಬಿಚ್ಚಿ ಹಾಲಿನಲ್ಲಿ ಹಾಸಿದೆ ನೋಡಿ, ಮನೆಯೆಲ್ಲ ಟೈರ್ ಅಂಗಡಿಯ ವಾಸನೆ. ಕಿಟಕಿ ತೆಗೆದೆ, ಫ್ಯಾನ್ ಹಾಕಿದೆ, ಊದುಬತ್ತಿಯನ್ನೂ ಹಚ್ಚಿದೆ. ಟೈರ್ ಅಂಗಡಿಯಲ್ಲಿ ಆಯುಧಪೂಜೆ ನಡೆದ ಹಾಗಾಯಿತು. ಒಳಗಿನಿಂದ ಕಮಲತ್ತೆ ಕೂಗಿದರು: "ಏನೇ ಅದು ನಾತ? ಗ್ಯಾಸ್ ಲೀಕ್ ಆಗ್ತಿದೆಯಾ ನೋಡು!"

ಕಮಲತ್ತೆ ನನ್ನ ಸೋದರಮಾವನ ಹೆಂಡತಿ. ಎಂಬತ್ತು ದಾಟಿದೆ. ಶೀನು ಮಾಮ ಹೋದಮೇಲೆ ನನ್ನ ಜೊತೆಯಲ್ಲೇ ಇದ್ದಾರೆ. ಅವರಿಗೆ ಕಿವಿ ಸ್ವಲ್ಪ ಮಂದ, ಮೂಗು ಮಾತ್ರ ಬಲು ಚುರುಕು.

ಮ್ಯಾಟ್ ತರಿಸಿದ್ದಕ್ಕೆ ಕಾರಣವಿದೆ. ಬಹಳ ದೊಡ್ಡ ಹೆಸರಿನ ಯೋಗಗುರುಗಳೊಬ್ಬರು ಚೆನ್ನೈಗೆ ಬರುತ್ತಿದ್ದಾರೆ, ಮೂರು ದಿನದ ಶಿಬಿರ. ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ನಾನು ಕೆಲವು ಹೆಂಗಸರಿಗೆ ಆಸನ ಹೇಳಿಕೊಡುತ್ತೇನೆ. ಅವರಲ್ಲಿ ಒಬ್ಬಳಾದ ಕೆಳಮನೆಯ ಮೀನಾಕ್ಷಿ ಫೋನಿಗೆ ಆ ಪ್ರಕಟಣೆ ಕಳಿಸಿ, "ಮೇಡಂ, ನೀಂಗ ಕಂಡಿಪ್ಪಾ ವರಣುಂ" ಎಂದು ಆಜ್ಞೆಯನ್ನೂ ಮಾಡಿದಳು. ಬರಲೇಬೇಕಂತೆ. ಅವಳ ಹೆಸರು ಆಗಲೇ ಸೇರಿಸಿಯಾಗಿದೆ.

ಮ್ಯಾಟ್ ತರಿಸಿದ ಮೇಲೆ ಇನ್ನು ತೀರ್ಮಾನಿಸುವುದೇನಿದೆ ಎಂದು ನೀವು ಕೇಳಬಹುದು. ಗಂಡು ಗೊತ್ತಾಗುವ ಮೊದಲೇ ಧಾರೆ ಸೀರೆ ಕೊಳ್ಳುವ ಜಾತಿಯವಳು ನಾನು. ಒಂದು ವಾರದಿಂದ ಮೀನ ಮೇಷ ಎಣಿಸುತ್ತಿದ್ದೆ. ಶಿಬಿರ ಗಿಂಡಿಯ ಆಚೆ, ಬೆಳಿಗ್ಗೆ ಅಷ್ಟು ಬೇಗ ಮೆಟ್ರೋ ಹಿಡಿಯಬೇಕು. ಅತ್ತೆ ಒಬ್ಬರೇ ಆಗುತ್ತಾರೆ. ಹಾಲಿನಲ್ಲಿ ಏಸಿ ಇರುತ್ತದೆ, ನನಗೆ ಶೀತ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಜವಾದ ಕಾರಣ ಬೇರೆ. ಅದು ಶೀನು ಮಾಮ.

ಅಪ್ಪನದು ಊರೂರು ವರ್ಗವಾಗುವ ಕೆಲಸ. ಹಾಗಾಗಿ ನಾನು ಓದಿದ್ದು, ಬೆಳೆದದ್ದು ವಡಪಳನಿಯ ಮಾಮನ ಮನೆಯಲ್ಲಿ. ಮಾಮ ಗಿಂಡಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಇಡೀ ದಿನ ನಟ್ಟು ಬೋಲ್ಟುಗಳ ನಡುವೆ ಇರುವ ಮನುಷ್ಯನಿಗೆ ಯೋಗದ ಹುಚ್ಚು ಹಿಡಿದದ್ದು ಪ್ಯಾರೀಸ್ ಕಾರ್ನರಿನ ಫುಟ್‌ಪಾತಿನಲ್ಲಿ. ಯಾವುದೋ ಸಾಮಾನಿಗೆ ಹೋದವರು ಹಳೆಯ ಪುಸ್ತಕವೊಂದನ್ನು ಹಿಡಿದುಕೊಂಡು ಬಂದರು. ಪ್ರತಿ ಪುಟಕ್ಕೆ ಒಂದು ಆಸನ, ಒಂದು ಚಿತ್ರ. ಆ ಪುಸ್ತಕವನ್ನು ಮಾಮನಿಗಿಂತ ಮೊದಲು ಹುಳುಗಳು ಓದಿದ್ದವು. ತ್ರಿಕೋನಾಸನದ ಚಿತ್ರದಲ್ಲಿ ಕಾಲಿತ್ತು, ಸೊಂಟವಿತ್ತು, ಎತ್ತಿದ ಕೈಯಿತ್ತು. ತಲೆ ಇದ್ದ ಜಾಗದಲ್ಲಿ ಒಂದು ತೂತು. ಪಕ್ಕದ ವಿವರಣೆಯೂ ಅದೇ ತೂತಿನಲ್ಲಿ ಮಾಯವಾಗಿತ್ತು.

ತಲೆಯಿಲ್ಲದ ಮನುಷ್ಯ ಎತ್ತ ನೋಡುತ್ತಾನೆ? ಮಾಮ ಬಹಳ ದಿನ ಯೋಚಿಸಿದರು. ಮೇಲೆ ನೋಡಿದರೆ ತಲೆ ಸುತ್ತುತ್ತಿತ್ತು, ಕೆಳಗೆ ನೋಡಿದರೆ ಬೀಳುವ ಹಾಗಾಗುತ್ತಿತ್ತು. ಎದುರಿನ ಗೋಡೆಯಲ್ಲಿ ವೆಂಕಟೇಶ್ವರನ ಕ್ಯಾಲೆಂಡರ್ ಇತ್ತು. ಅದನ್ನು ನೋಡಿದರೆ ಏನೂ ಆಗುತ್ತಿರಲಿಲ್ಲ. ಅಲ್ಲಿಗೆ ನಮ್ಮ ಮನೆಯ ಶಾಸ್ತ್ರ ನಿಶ್ಚಯವಾಯಿತು. ಸ್ಕೂಲಿಗೆ ಹೋಗುವ ಮುಂಚೆ ನಾನೂ ಅವರ ಪಕ್ಕದಲ್ಲಿ, ಅದೇ ಕೆಂಪು ಪಟ್ಟೆಯ ಜಮಖಾನದ ಮೇಲೆ ಬಾಗಿ ನಿಲ್ಲುತ್ತಿದ್ದೆ. "ಮುಖ ಕ್ಯಾಲೆಂಡರ್ ಕಡೆ ಕಣೇ! ಎತ್ಲಾಗೆ ನೋಡ್ತೀಯ?" ಎಂದು ಮಾಮ ಗದರುತ್ತಿದ್ದರು. ಇವತ್ತಿಗೂ ತಾರಸಿಯಲ್ಲಿ ನಾನು ಅದನ್ನೇ ಹೇಳುತ್ತೇನೆ. ತಾರಸಿಯಲ್ಲಿ ಯಾವ ಕ್ಯಾಲೆಂಡರೂ ಇಲ್ಲ. ಪಾಪ, ಆ ಹೆಂಗಸರು ಪಕ್ಕದ ಮನೆಯ ನೀರಿನ ಟ್ಯಾಂಕನ್ನು ಭಕ್ತಿಯಿಂದ ನೋಡುತ್ತಾರೆ.

ನನ್ನ ಭಯ ನಿಮಗೆ ಈಗ ಅರ್ಥವಾಗಿರಬೇಕು. ಆ ದೊಡ್ಡವರು ಬಂದು ನನ್ನ ಗಲ್ಲ ಹಿಡಿದು, "ಹೀಗಲ್ಲಮ್ಮ, ಹೀಗೆ" ಎಂದು ಮುಖವನ್ನು ಮೇಲಕ್ಕೆ ತಿರುಗಿಸಿಬಿಟ್ಟರೆ? ನಾನು ತಪ್ಪು ಎಂದರೆ ತಡೆದುಕೊಂಡೇನು. ಮಾಮ ತಪ್ಪು ಎಂದ ಹಾಗಾಗುತ್ತದಲ್ಲ! ಆ ಮನೆ ಹೋಯಿತು, ಮಾಮನೂ ಹೋದರು. ಅವರದು ಎಂದು ನನ್ನ ಮೈಯಲ್ಲಿ ಉಳಿದಿರುವುದು ಆ ಕುತ್ತಿಗೆಯ ತಿರುವೊಂದೇ.

ಮಾಮನಿಗೂ ಒಮ್ಮೆ ಇದೇ ಫಜೀತಿ ಬಂದಿತ್ತು. ಆಗ ಮದ್ರಾಸಿಗೆ ಬಂದವರು ಈಗ ಬರುತ್ತಿರುವವರ ಗುರುಗಳು. ಪತ್ರಿಕೆಯಲ್ಲಿ ಸುದ್ದಿ ಬಂದ ದಿನದಿಂದ ಮಾಮನಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಹೋಗುವುದೆಂದು ನಿರ್ಧರಿಸುವರು, ಸಂಜೆ ಗಿಂಡಿಯಿಂದ ಮರಳುವಷ್ಟರಲ್ಲಿ ಬೇಡವೆನ್ನುವರು. ಒಂದು ದಿನ ಊಟಕ್ಕೆ ಕೂತಾಗ ಸಾರನ್ನದಲ್ಲಿ ಕೈಯಿಟ್ಟುಕೊಂಡೇ ಹೇಳಿದರು: "ಮುಖ ಎತ್ತ ಕಡೆ ಅಂತ ಒಂದೇ ಒಂದು ಪ್ರಶ್ನೆ ಕೇಳಬೇಕು ಕಮಲಾ. ಆದ್ರೆ ಅವರು ನೀನು ಮಾಡ್ತಿರೋದು ತಪ್ಪು ಅಂದ್ಬಿಟ್ರೆ? ಇಷ್ಟು ವರ್ಷ ಮಾಡಿದ್ದು ಏನು ಹಾಗಾದ್ರೆ? ಸುಮ್ನೆ ಗಾಳೀಲಿ ಕೈ ಆಡಿಸಿದ್ದಾ?"

ಮಾರನೆಯ ದಿನ ಅತ್ತೆ, "ಸಾಕು, ಪೂ ಹಾಕಿ ನೋಡ್ಬಿಡೋಣ" ಎಂದರು.

ಪೂ ಎಂದರೆ ಹೂ; ಇದು ನಾವು ನೆರೆಮನೆಯ ತಮಿಳರಿಂದ ಕಲಿತದ್ದು. ಒಂದು ಎಲೆಯಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಹೂ ಇಟ್ಟು, ದಾರ ಸುತ್ತಿ ದೇವರ ಮುಂದೆ ಇಡುವುದು. ಮನೆಯ ಮಗುವಿನ ಕೈಯಲ್ಲಿ ಒಂದು ಪೊಟ್ಟಣ ಎತ್ತಿಸುವುದು. ಬಿಳಿ ಬಂದರೆ ಸರಿ, ಕೆಂಪಾದರೆ ಬೇಡ. ಮಲ್ಲಿಗೆಯಾದರೆ ವಾಸನೆ ತಿಳಿದುಹೋಗುತ್ತದೆಂದು ಅತ್ತೆ ಎರಡಕ್ಕೂ ಕಣಗಿಲೆಯನ್ನೇ ಇಡುತ್ತಿದ್ದರು. ಅಷ್ಟು ನ್ಯಾಯ! ಎತ್ತದೆ ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವ ಹಾಗಿಲ್ಲ; ಬಿಚ್ಚಿದರೆ ದೇವರನ್ನೇ ಪರೀಕ್ಷೆ ಮಾಡಿದ ಹಾಗೆ. ಅದನ್ನು ಹಾಗೆಯೇ ಬಾವಿಗೆ ಹಾಕಬೇಕು.

ನಾನು ಎತ್ತಿದೆ. ಕೆಂಪು.

ಮಾಮನ ಹೆಗಲುಗಳು ಇಳಿದವು. "ಭಗವಂತನೇ ಬೇಡ ಅಂದ್ಮೇಲೆ ಮುಗೀತು" ಎಂದರು. ಆ ಸಂಜೆ ನಮ್ಮನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. ತಾವೂ ಎರಡು ತಿಂದರು. ಎಲ್ಲ ಮುಗಿಯಿತು ಎಂದುಕೊಂಡೆವು. ಆದರೆ ಆ ಶಿಬಿರಕ್ಕೆ ಹೋಗಿಬಂದವರು ಯಾರಾದರೂ ಸಿಕ್ಕಿದರೆ ಮಾಮ, "ತ್ರಿಕೋನಾಸನ ಮಾಡಿಸಿದ್ರಾ?" ಎಂದು ಕೇಳುವರು. ಮಾಡಿಸಿದರು ಎಂದರೆ ತಲೆಯಾಡಿಸಿ, ಮುಂದಿನದನ್ನು ಕೇಳದೆ ಮಾತು ಬದಲಿಸುವರು. ಪತ್ರಿಕೆಯಲ್ಲಿ ಆ ಗುರುಗಳ ಚಿತ್ರ ಬಂದ ದಿನ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ನನ್ನ ಕೈಗುಣವೇ ಸರಿಯಿಲ್ಲವೇನೋ ಎಂದು ನನಗೆ ಅಳುಕು. ಇನ್ನೊಂದನ್ನು ಎತ್ತಿದ್ದರೆ ಏನಾಗುತ್ತಿತ್ತು ಎಂದು ದೊಡ್ಡವಳಾದ ಮೇಲೂ ಯೋಚಿಸಿದ್ದಿದೆ.

ಮ್ಯಾಟಿನ ವಾಸನೆಗೆ ಹೊರಗೆ ಬಂದ ಅತ್ತೆ ಅದನ್ನು ಕಾಲಿನಿಂದ ಮುಟ್ಟಿ ನೋಡಿ ಕೇಳಿದರು: "ಹೋಗ್ತೀಯಾ, ಇಲ್ವಾ?"

"ನೀವೇ ಹೇಳಿ ಅತ್ತೆ."

"ನಾನ್ ಯಾರೇ ಹೇಳೋಕೆ? ಪೂ ಹಾಕಿ ನೋಡೋಣ."

ಈ ಕಾಲದಲ್ಲಿ ಇದೇನು ಎಂದು ನಕ್ಕೆ. ನಕ್ಕರೂ ಇವತ್ತು ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕೂತೆ. ಕಣಗಿಲೆಯನ್ನು ಅತ್ತೆಯೇ ಕೆಳಗಿನ ಗಿಡದಿಂದ ಕಿತ್ತು ತಂದಿದ್ದರು. ಅವರು ಸುತ್ತಿದ ದಾರ ಸಡಿಲವಾಗಿತ್ತು. ಮನೆಯಲ್ಲಿ ಮಗುವಿಲ್ಲ, ನಾನೇ ಮಗು. ಎತ್ತಿದೆ. ಬಿಳಿ.

ಇನ್ನು ಹೋಗಲೇಬೇಕಲ್ಲ. ಅಷ್ಟರಲ್ಲಿ ಅತ್ತೆಯ ಅಂಗೈ ಇನ್ನೊಂದು ಪೊಟ್ಟಣವನ್ನು ಮುಚ್ಚಿತು. ಯಾಕಿಷ್ಟು ಅವಸರ ಎನ್ನಿಸಿತು. "ಮುಟ್ಬೇಡ" ಎಂದರು. ಆ ಮನೆಯಲ್ಲಿ ಬೆಳೆದವಳು ನಾನು, ಆ ಮಾತನ್ನು ಮೀರಿದವಳಲ್ಲ. ಇವತ್ತು ಮೀರಿದೆ. ಅವರ ಕೈ ಸರಿಸಿ ದಾರ ಎಳೆದೆ.

ಅದೂ ಬಿಳಿ.

"ಅತ್ತೆ!"

ಅವರು ದೀಪದ ಬತ್ತಿಯನ್ನು ಮುಂದೆ ಮಾಡಿದರು. ನನ್ನ ಮುಖ ನೋಡದೆ ಹೇಳಿದರು: "ಆವತ್ತು ಎರಡ್ರಲ್ಲೂ ಕೆಂಪೇ ಇತ್ತು ಕಣೇ."

ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದರು: "ಪಾವಂ, ಅವರಿಗೆ ಅದೊಂದೇ ಇದ್ದಿದ್ದು. ನಾಲ್ಕು ಜನರ ಮುಂದೆ ತಪ್ಪು ಅನ್ನಿಸ್ಕೊಂಡು ಬಂದ್ರೆ ಜಮಖಾನ ಸುತ್ತಿ ಅಟ್ಟಕ್ಕೆ ಹಾಕ್ಬಿಡ್ತಾರೆ ಅಂತ ಹೆದರಿದೆ. ಆಮೇಲೆ ಆ ಪೇಪರ್ ಹಿಡ್ಕೊಂಡು ಕೂತಿರೋರಲ್ಲ, ಅದನ್ನ ನೋಡಿದಾಗೆಲ್ಲ ನನಗೆ ಅನ್ನ ಇಳೀತಿರಲಿಲ್ಲ. ಅವರಿಗೂ ಗೊತ್ತಿತ್ತೋ ಏನೋ. ಒಂದು ದಿನವೂ ಕೇಳ್ಲಿಲ್ಲ."

ನನಗೆ ಸಿಟ್ಟು ಬರಲಿಲ್ಲ. ಅತ್ತೆಯ ಮೇಲೆ ಇಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಅವರ ಮಡಿಲಲ್ಲಿ ತಲೆಯಿಟ್ಟು ನಾನು ಅತ್ತುಬಿಟ್ಟೆ, ಅವರೂ ಅತ್ತರು.

ಮೀನಾಕ್ಷಿಗೆ ಫೋನ್ ಮಾಡಿ ನನ್ನ ಹೆಸರನ್ನೂ ಸೇರಿಸಲು ಹೇಳಿದೆ. ಮ್ಯಾಟನ್ನು ಸುತ್ತಿ ಮೂಲೆಗಿಟ್ಟು, ಮಾಮನ ಜಮಖಾನವನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೂ ಏನೋ ಒಂದು ಹಳೆಯ ಬೆಳಗಿನ ವಾಸನೆಯಿತ್ತು. ಬಾಗಿಲು ಹಿಡಿದು ನಿಂತ ಅತ್ತೆ ಹೇಳಿದರು:

"ನಿನ್ನ ಮಾಮನ ಪ್ರಶ್ನೆ ಕೇಳ್ಕೊಂಡು ಬಾ, ಮರೀಬೇಡ. ಏನ್ ಹೇಳಿದ್ರೂ ಸರಿ, ಮೊದ್ಲು ನನಗೆ ಹೇಳು. ಅವರ ಫೋಟೋ ಮುಂದೆ ನಾನೇ ಹೇಳ್ಬೇಕು."